ವಾರಸುದಾರರಲ್ಲದವರ ಹೆಸರು

ಉಡುಪಿ ಜಿಲ್ಲೆಯ ಕರಾವಳಿಯ ಉಪ್ಪುಂದ, ಬಿಜೂರು, ನಾವುಂದದ ಕಡೆ ಜನ ತಮ್ಮ ಮನೆತನದ ಹಿಂದಿನವರನ್ನು ಹುಡುಕಿಕೊಂಡು ಹೊರಡುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಒಂದು, ಜಾಗ ಪಾಲಾಗಬೇಕಾದಾಗ, ಇಲ್ಲವೇ ತೀರಿಕೊಂಡವರ ಹೆಸರಿನಲ್ಲೇ ಉಳಿದುಕೊಂಡ ಪಹಣಿಯನ್ನು ಮಕ್ಕಳ ಹೆಸರಿಗೆ ಮಾಡಿಸಬೇಕಾದಾಗ. ಇನ್ನೊಂದು, ಜೋಯಿಸರು ಇಡುವ ಅಷ್ಟಮಂಗಲ ಪ್ರಶ್ನೆಯಲ್ಲಿ ಮೂಲ ನಾಗಬನ ಯಾವುದು, ಕುಟುಂಬದ ಮನೆ ಎಲ್ಲಿತ್ತು ಎಂಬ ಮಾತು ಎದ್ದಾಗ. ಎರಡರಲ್ಲೂ ಕೊನೆಗೆ ಕೈಗೆ ಸಿಗುವುದು ಒಂದು ಪಟ್ಟಿ. ಅಜ್ಜ, ಅವನ ಮಕ್ಕಳು, ಅವರ ಮಕ್ಕಳು. ಆ ಪಟ್ಟಿಯನ್ನೇ ವಂಶವೃಕ್ಷ ಎನ್ನುತ್ತೇವೆ, ಕಟ್ಟು ಹಾಕಿಸಿ ಚಾವಡಿಯ ಗೋಡೆಗೆ ತೂಗುಹಾಕುತ್ತೇವೆ. ಆದರೆ ಅದು ಮನೆಯ ಚರಿತ್ರೆಯಲ್ಲ, ಹಕ್ಕಿದ್ದವರ ಪಟ್ಟಿ. ಹುಟ್ಟಿ ಆರು ತಿಂಗಳಿಗೆ ತೀರಿಕೊಂಡ ಮಗು, ಬಾಣಂತನದಲ್ಲಿ ಹೋದ ಮೊದಲ ಹೆಂಡತಿ, ಮದುವೆಯಾಗದೆ ಉಳಿದ ಅತ್ತೆ, ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆಂದು ಹೋಗಿ ಮರಳದ ಹುಡುಗ ಇವರಾರೂ ಅದರಲ್ಲಿ ಇರುವುದಿಲ್ಲ. ಅವರಿಗೆ ಪಾಲಿರಲಿಲ್ಲ, ಅವರಿಂದ ಮುಂದೆ ಕವಲೊಡೆಯಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಇವರ ಹೆಸರು ಎಲ್ಲಾದರೂ ಉಳಿದಿದ್ದರೆ ಅದು ಸರಕಾರದ ಜನನ ಮರಣದ ರಿಜಿಸ್ಟರುಗಳಲ್ಲಿ. ಮನೆತನದ ಚರಿತ್ರೆ ಬರೆಯಲು ಕೂರುವವರು ವಂಶವೃಕ್ಷದ ಪ್ರಮಾಣಪತ್ರದಿಂದ ಆರಂಭಿಸದೆ ಈ ರಿಜಿಸ್ಟರುಗಳಿಂದ ಆರಂಭಿಸಬೇಕು ಎಂಬುದು ಈ ಬರಹದ ವಾದ.

ಕಂದಾಯ ಇಲಾಖೆ ಕೊಡುವ ವಂಶವೃಕ್ಷದ ದೃಢೀಕರಣ ಹುಟ್ಟುವ ಬಗೆಯನ್ನು ನೋಡಿದರೆ ಇದರ ಕಾರಣ ತಿಳಿಯುತ್ತದೆ. ಅರ್ಜಿದಾರರೇ ತಮ್ಮ ಮನೆಯವರ ವಿವರ ಬರೆದು ಪ್ರಮಾಣ ಮಾಡುತ್ತಾರೆ. ಗ್ರಾಮ ಆಡಳಿತಾಧಿಕಾರಿಗಳು (ಹಿಂದಿನ ಗ್ರಾಮ ಲೆಕ್ಕಿಗರು) ನೆರೆಹೊರೆಯಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ಅದರ ಮೇಲೆ ಕಾಗದ ಸಿದ್ಧವಾಗುತ್ತದೆ. ಪೌತಿ ಖಾತೆಗೆ, ಬ್ಯಾಂಕಿನ ಹಣಕ್ಕೆ, ಪಿಂಚಣಿಗೆ ಅದು ಸಾಕು, ಅದರ ಉದ್ದೇಶವೂ ಅಷ್ಟೇ. ಆದರೆ ಇಂದು ಬದುಕಿರುವವರು ಇಂದಿನ ಅಗತ್ಯಕ್ಕೆ ಹೇಳಿದ ಮಾತನ್ನು ನೂರು ವರ್ಷದ ಹಿಂದಿನ ಸಂಗತಿಗೆ ಸಾಕ್ಷಿಯೆಂದು ಹೇಗೆ ಒಪ್ಪುವುದು? 1994ರಲ್ಲಿ ಕರ್ನಾಟಕದ ತಿದ್ದುಪಡಿ, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೊರೆತ ಮೇಲೆ, ಪಟ್ಟಿಯಲ್ಲಿ ಅಕ್ಕತಂಗಿಯರ ಹೆಸರು ಇರಬೇಕೋ ಬೇಡವೋ ಎಂಬುದೇ ಎಷ್ಟೋ ಮನೆಗಳಲ್ಲಿ ಜಗಳದ ವಸ್ತುವಾಗಿದೆ. ಯಾರ ಹೆಸರು ಬರೆಯಬೇಕು ಎಂಬುದರಲ್ಲೇ ಬರೆಯುವವರಿಗೆ ಲಾಭ ನಷ್ಟ ಇರುವ ಕಾಗದ ಅದು. ಜನನ ಮರಣದ ರಿಜಿಸ್ಟರು ಬರೆದವನಿಗೆ ಅಂಥ ಯಾವ ಲಾಭವೂ ಇರಲಿಲ್ಲ. ಹುಟ್ಟಿದ್ದು ಹೆಣ್ಣೋ ಗಂಡೋ, ಸತ್ತದ್ದು ಮುದುಕಿಯೋ ಮೂರು ದಿನದ ಕೂಸೋ, ಅವನ ಪುಸ್ತಕದಲ್ಲಿ ಅದು ಒಂದು ಸಾಲು.

ಆ ಪುಸ್ತಕ ಬರೆದವರು ಯಾರು ಎಂಬುದನ್ನೂ ತಿಳಿಯಬೇಕು. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1899ರ ಮದರಾಸು ಜನನ ಮರಣ ನೋಂದಣಿ ಕಾಯ್ದೆಯಂತೆ ಹಳ್ಳಿಗಳಲ್ಲಿ ನೋಂದಣಿಯ ಹೊಣೆ ಊರಿನ ಮುಖ್ಯಸ್ಥನದ್ದು. ನಮ್ಮ ಕಡೆ ಆತ ಪಟೇಲ. ಲೆಕ್ಕಪತ್ರಕ್ಕೆ ಶಾನುಭಾಗ, ಸುದ್ದಿ ತರಲು, ಕರೆ ಹೇಳಲು ಉಗ್ರಾಣಿ. ಸರಕಾರಕ್ಕೆ ಬೇಕಾಗಿದ್ದದ್ದು ಮನೆತನದ ಚರಿತ್ರೆಯಲ್ಲ, ಕಾಲರಾ, ಸಿಡುಬು, ಪ್ಲೇಗುಗಳ ಲೆಕ್ಕ. ಯಾವ ಊರಲ್ಲಿ ಎಷ್ಟು ಜನ ಸತ್ತರು, ಯಾವುದರಿಂದ ಸತ್ತರು ಎಂದು ತಿಳಿದರೆ ಆರೋಗ್ಯದ ಅಧಿಕಾರಿಗಳಿಗೆ ರೋಗ ಹೋಗುವ ದಾರಿ ಕಾಣುತ್ತಿತ್ತು. ಕಾರಣದ ಕಾಲಮಿನಲ್ಲಿ ಬಹುಪಾಲು ಸಾವುಗಳಿಗೆ ‘ಜ್ವರ’ ಎಂದಷ್ಟೇ ಬರೆದದ್ದು ನಿಜ. ಪಟೇಲ ವೈದ್ಯನಲ್ಲ. 1918ರ ಇನ್‌ಫ್ಲುಯೆಂಜಾ ಬಂದಾಗಲೂ ಸತ್ತವರಲ್ಲಿ ದೊಡ್ಡ ಪಾಲು ಜ್ವರದ ಲೆಕ್ಕಕ್ಕೇ ಸೇರಿತು. ಆದರೂ ರೋಗದ ಲೆಕ್ಕಕ್ಕೆಂದು ಎಣಿಸಿದ ಕಾರಣದಿಂದಲೇ ಯಾರನ್ನೂ ಬಿಡುವ ಉದ್ದೇಶ ಆ ಪುಸ್ತಕಕ್ಕೆ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು ಇನ್ನೂರು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೂ ಕೆಳಗೆ ಇಳಿದಿದೆ. ಹಾಗೆಂದರೆ ನೂರು ವರ್ಷದ ಹಿಂದೆ ಎಂಟು ಹತ್ತು ಹೆತ್ತ ಯಾವ ತಾಯಿಯೂ ಒಂದಾದರೂ ಕೂಸನ್ನು ಕಳೆದುಕೊಳ್ಳದೆ ಇದ್ದದ್ದು ಅಪರೂಪ. ವಂಶವೃಕ್ಷದಲ್ಲಿ ಆಕೆಗೆ ನಾಲ್ವರು ಮಕ್ಕಳು, ರಿಜಿಸ್ಟರಿನಲ್ಲಿ ಏಳು ಹೆರಿಗೆ. ಆಕೆಯ ಬದುಕು ಯಾವುದು ಎಂದು ಕೇಳಿದರೆ ಎರಡನೆಯದನ್ನೇ ನಂಬಬೇಕು.

ಇಷ್ಟಾದರೂ ಉಪ್ಪುಂದದವರು ತಮ್ಮವರ ದಾಖಲೆ ಹುಡುಕಲು ಹೊರಟರೆ ಮೊದಲು ಎಡವುವುದು ‘ಯಾವ ಕಚೇರಿ’ ಎಂಬಲ್ಲಿ. ಊರು ಅಲ್ಲೇ ಇದೆ, ಅದನ್ನು ಆಳುವ ಕಚೇರಿ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಕೆನರಾ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರದ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ತಾಲ್ಲೂಕು ಮದರಾಸಿನಲ್ಲೇ ಉಳಿಯಿತು. ಶಿರೂರಿನ ಆಚೆಯ ಭಟ್ಕಳ ಬೊಂಬಾಯಿಗೆ ಸೇರಿತು. ಕೆಲವೇ ಮೈಲಿ ದೂರದ ಭಟ್ಕಳಕ್ಕೆ ಕೊಟ್ಟ ಹೆಣ್ಣುಮಗಳ ಬದುಕು ಒಮ್ಮೆಗೇ ಬೇರೆ ಪ್ರಾಂತ್ಯದ, ಬೇರೆ ನಿಯಮದ, ಬೇರೆ ಲೆಕ್ಕದ ಪುಸ್ತಕಕ್ಕೆ ಹೋಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಬೈಂದೂರು, ಬ್ರಹ್ಮಾವರ ಹೊಸ ತಾಲ್ಲೂಕುಗಳಾದವು. ಆದ್ದರಿಂದ 1940ರಲ್ಲಿ ಉಪ್ಪುಂದದಲ್ಲಿ ಹುಟ್ಟಿದವರ ಸಾಲು ಇಂದಿನ ಬೈಂದೂರು ತಾಲ್ಲೂಕಿನದೇ ಆದರೂ ಬರೆಯುವಾಗ ಅದು ಕುಂದಾಪುರ ತಾಲ್ಲೂಕಿನದಾಗಿತ್ತು. ವರ್ಷ ಮುಗಿದ ಮೇಲೆ ಹಳ್ಳಿಯ ಪುಸ್ತಕಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಸೇರುವ ಪದ್ಧತಿ ಇರುವುದರಿಂದ, ಬೈಂದೂರು, ಕುಂದಾಪುರ ಎರಡೂ ಕಡೆ ಕೇಳಬೇಕು. ಒಂದು ಕಡೆ ಇಲ್ಲವೆಂದ ಮಾತ್ರಕ್ಕೆ ಕೈಬಿಡಬಾರದು.

ಇದಕ್ಕಿಂತಲೂ ಹೆಚ್ಚು ಜನ ಮರೆಯುವ ನಿಯಮ ಇನ್ನೊಂದಿದೆ. ಹುಟ್ಟು ಸಾವು ದಾಖಲಾಗುವುದು ಅವು ನಡೆದ ಊರಲ್ಲಿ, ಮನೆಯಿರುವ ಊರಲ್ಲಿ ಅಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ನಮ್ಮ ಪದ್ಧತಿಯಿಂದಾಗಿ ಉಪ್ಪುಂದದ ಹಿರಿಮಗನ ಹುಟ್ಟು ಉಪ್ಪುಂದದ ಪುಸ್ತಕದಲ್ಲಿ ಇರುವುದಕ್ಕಿಂತ ತಾಯಿಯ ಊರಾದ ಹೆಮ್ಮಾಡಿಯಲ್ಲೋ ಕೊಲ್ಲೂರಿನಲ್ಲೋ ಇರುವ ಸಂಭವವೇ ಹೆಚ್ಚು. ತಮ್ಮತಂಗಿಯರದು ಊರಿನಲ್ಲೇ ಇರಬಹುದು. ಒಂದೇ ತಾಯಿಯ ಮಕ್ಕಳು ಎರಡು ಮೂರು ಊರಿನ ಪುಸ್ತಕಗಳಲ್ಲಿ ಹಂಚಿಹೋಗಿರುತ್ತಾರೆ. ಆಸ್ಪತ್ರೆಯ ಹೆರಿಗೆ ಹೆಚ್ಚಿದ ಮೇಲೆ ಕುಂದಾಪುರ, ಉಡುಪಿ, ಮಣಿಪಾಲಗಳ ಪುಸ್ತಕಗಳು ತುಂಬತೊಡಗಿದವು. ಉಡುಪಿಯ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ 1923ರಷ್ಟು ಹಿಂದಿನದು, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ 1961ರದು. ಅಲ್ಲಿ ಹುಟ್ಟಿದವರನ್ನು ಹಳ್ಳಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೋಟೆಲ್ ಕೆಲಸಕ್ಕೆ ಮುಂಬಯಿ, ಬೆಂಗಳೂರುಗಳಿಗೆ ಹೋದವರ ಸಾವು ಆ ನಗರಪಾಲಿಕೆಗಳಲ್ಲಿ. ಹೀಗೆ ಒಂದು ಮನೆಯ ದಾಖಲೆಗಳ ಜಾಡು ಹಿಡಿಯಬೇಕಾದರೆ ಮೊದಲು ತಿಳಿದಿರಬೇಕಾದದ್ದು ಗಂಡಸರ ಮನೆತನದ ಹೆಸರಲ್ಲ, ಹೆಂಗಸರ ತವರಿನ ಊರು. ಅದನ್ನು ಕೇಳಬೇಕಾದದ್ದು ಮನೆಯ ಯಜಮಾನರನ್ನಲ್ಲ, ಎಂಬತ್ತು ದಾಟಿದ ಅಜ್ಜಿಯಂದಿರನ್ನು.

ಕೇಳುವ ಹಕ್ಕು ನಮಗಿದೆಯೇ? ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಯಾರು ಬೇಕಾದರೂ ನೋಂದಣಾಧಿಕಾರಿಯಿಂದ ರಿಜಿಸ್ಟರು ಹುಡುಕಿಸಬಹುದು, ಜನನ ಅಥವಾ ಮರಣದ ನಮೂದಿನ ದಾಖಲೆ ಪಡೆಯಬಹುದು. ಹುಡುಕುವ ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ಹಾಕುತ್ತಾರೆ. ಶುಲ್ಕಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ‘ಸುಮಾರು 1930ರಿಂದ 1950’ ಎಂದು ಬರೆದುಕೊಟ್ಟರೆ ಯಾವ ಗುಮಾಸ್ತರೂ ಇಪ್ಪತ್ತು ಪುಸ್ತಕ ಬಿಡಿಸಿ ನೋಡುವುದು ಕಷ್ಟ. ವರ್ಷವನ್ನು ಎರಡು ಮೂರಕ್ಕೆ ಇಳಿಸಿಕೊಂಡು ಹೋಗಬೇಕು. ಅಲ್ಲದೆ ಮಗುವಿನ ಹೆಸರು ಹೇಳಿ ಹುಡುಕಿಸಿದರೆ ಸಿಗದೆ ಹೋಗಬಹುದು, ಏಕೆಂದರೆ ಹೆಸರಿಡುವ ಮೊದಲೇ ಹುಟ್ಟು ದಾಖಲಾಗಿರುತ್ತದೆ, ಹೆಸರಿನ ಜಾಗ ಖಾಲಿ ಬಿದ್ದಿರುತ್ತದೆ. ಈಗಿನ ಕಾಯ್ದೆಯಲ್ಲೂ ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ, ಸೇರಿಸದೆ ಬಿಟ್ಟವರು ಬಹಳ. ಆದ್ದರಿಂದ ತಂದೆ, ತಾಯಿ, ಊರು, ತಿಂಗಳು ಹೇಳಿ ಹುಡುಕಿಸುವುದೇ ಸರಿ.

ಇನ್ನು, ಪಡೆಯುವ ಕಾಗದ ಯಾವುದು ಎಂಬುದು. ಇ-ಜನ್ಮ ತಂತ್ರಾಂಶದಿಂದ ಬರುವ ಪ್ರಮಾಣಪತ್ರ ಶಾಲೆಗೆ, ಪಾಸ್‌ಪೋರ್ಟಿಗೆ ಬೇಕಾದದ್ದು. ಅದರಲ್ಲಿ ಇರುವುದು ನಿಗದಿತ ಕೆಲವೇ ವಿವರ. ಚರಿತ್ರೆಗೆ ಬೇಕಾದದ್ದು ಮೂಲ ಪುಟದ ದೃಢೀಕೃತ ನಕಲು. ಹಳೆಯ ಪುಸ್ತಕದ ಸಾಲಿನಲ್ಲಿ ಜಾತಿ, ಕಸುಬು, ಸುದ್ದಿ ಕೊಟ್ಟವರು ಯಾರು ಎಂಬ ವಿವರಗಳೂ ಸಿಗಬಹುದು. ಸುದ್ದಿ ಕೊಟ್ಟವನು ಮಾವನೋ ಪಕ್ಕದ ಮನೆಯವನೋ ಎಂಬುದರಿಂದಲೇ ಆ ದಿನ ಆ ಮನೆಯಲ್ಲಿ ಯಾರಿದ್ದರು ಎಂಬುದು ಗೊತ್ತಾಗುತ್ತದೆ. 1969ರ ಕಾಯ್ದೆಯ 15ನೆಯ ಕಲಮು ಇನ್ನೊಂದು ಉಪಕಾರ ಮಾಡಿದೆ. ತಪ್ಪು ತಿದ್ದುವಾಗ ಮೂಲ ಬರಹವನ್ನು ಅಳಿಸುವಂತಿಲ್ಲ, ಅಂಚಿನಲ್ಲಿ ಬರೆದು ಸಹಿ ಮಾಡಬೇಕು. ಮೂಲ ಪುಟವನ್ನು ನೋಡಿದರೆ ಮೊದಲು ಏನಿತ್ತು, ಆಮೇಲೆ ಯಾವಾಗ ಏನಾಯಿತು ಎರಡೂ ಕಾಣುತ್ತವೆ. ಕಂಪ್ಯೂಟರಿನ ಪ್ರಮಾಣಪತ್ರದಲ್ಲಿ ಕೊನೆಯದು ಮಾತ್ರ. ದಾಖಲೆ ಸಿಗದಿದ್ದರೆ ‘ಲಭ್ಯವಿಲ್ಲ’ ಎಂಬ ಹಿಂಬರಹವನ್ನು ಕೇಳಿ ಪಡೆಯಬೇಕು. ಯಾವ ಕಚೇರಿಯಲ್ಲಿ ಯಾವ ವರ್ಷಗಳನ್ನು ನೋಡಿ ಮುಗಿಸಿದ್ದಾಯಿತು ಎಂಬುದಕ್ಕೆ ಅದು ಆಧಾರ, ಮುಂದಿನ ಹುಡುಕಾಟ ಅಲ್ಲಿಂದ ಬೇರೆ ಕಡೆಗೆ ತಿರುಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಜ್ಜನ ಹುಟ್ಟು ದಾಖಲಾಗಿಲ್ಲವೆಂದು ಗೊತ್ತಾದ ಮೇಲೆ, ವರ್ಷ ಮೀರಿದ ನೋಂದಣಿಗೆ ಕಾನೂನಿನಲ್ಲಿ ದಾರಿಯಿದೆಯಲ್ಲ ಎಂದು ಅದನ್ನು ಮಾಡಿಸಲು ಹೊರಡುವವರಿದ್ದಾರೆ. ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, 2023ರ ತಿದ್ದುಪಡಿಯ ನಂತರ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರದು. ಬದುಕಿರುವವರ ಅಗತ್ಯಕ್ಕೆ ಅದು ಸರಿಯಾದ ದಾರಿ. ಚರಿತ್ರೆಗೆ ಅದರಿಂದ ಏನೂ ಬರುವುದಿಲ್ಲ, ಏಕೆಂದರೆ ನಾವೇ ಹೇಳಿದ ಮಾತು ಮುದ್ರೆ ಹೊತ್ತು ನಮ್ಮ ಕೈಗೆ ಹಿಂದಿರುಗುತ್ತದೆ, ಅಷ್ಟೇ.

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಈ ರಿಜಿಸ್ಟರುಗಳೇನು ಪೂರ್ತಿಯಾಗಿವೆಯೇ, ಸರಿಯಾಗಿವೆಯೇ? ಇಲ್ಲ. 1899ರ ಕಾಯ್ದೆ ಎಲ್ಲ ಊರುಗಳಿಗೂ ಒಂದೇ ದಿನ ಕಡ್ಡಾಯವಾಗಿ ಬರಲಿಲ್ಲ. ಕಡ್ಡಾಯವಾದ ಮೇಲೂ ಹೊಳೆಯಾಚೆಯ, ಕಾಡಂಚಿನ ಮನೆಗಳ ಹುಟ್ಟು ಸಾವು ಪಟೇಲರ ಚಾವಡಿಯವರೆಗೆ ಮುಟ್ಟದೆ ಹೋದದ್ದು ಎಷ್ಟೋ. ಬಡವರ, ಕೆಳಗಿನ ಜಾತಿಯವರ ಮನೆಗಳ ಸಾಲುಗಳು ಹೆಚ್ಚು ತಪ್ಪಿರುವುದು ಸಹಜ, ಅದು ಸಣ್ಣ ಕೊರತೆಯಲ್ಲ. ಹೆಸರುಗಳೂ ಬರೆದವರ ಬಾಯಿಯಂತೆ. ಮನೆಯಲ್ಲಿ ಮಂಜುನಾಥ, ಪುಸ್ತಕದಲ್ಲಿ ಮಂಜ. ಮನೆಯಲ್ಲಿ ದುರ್ಗಮ್ಮ, ಪುಸ್ತಕದಲ್ಲಿ ದುಗ್ಗಿ. ಆದರೆ ಈ ದೋಷಗಳಿಗಾಗಿ ರಿಜಿಸ್ಟರನ್ನು ಬದಿಗಿಟ್ಟರೆ ಅದರ ಜಾಗದಲ್ಲಿ ಏನನ್ನು ಇಡುತ್ತೇವೆ? ಶಾಲೆಯ ದಾಖಲಾತಿ ಪುಸ್ತಕವನ್ನೇ? ಹಿಂದಿನ ತಲೆಮಾರಿನ ಎಷ್ಟೋ ಜನರ ಜನ್ಮದಿನ ಜೂನ್ 1 ಆಗಿರುವುದು ಶಾಲೆ ಆರಂಭವಾಗುವ ತಿಂಗಳಿಗೆ ಸರಿಯಾಗಿ ಮೇಷ್ಟ್ರು ಲೆಕ್ಕ ಕಟ್ಟಿದ್ದರಿಂದ. ಯಾವ ಆಧಾರದ ಮೇಲೆ ವಯಸ್ಸು ಬರೆದರೆಂದು ತೋರಿಸದೆ ಶಾಲೆಯ ರಿಜಿಸ್ಟರಿಗೆ ಸಾಕ್ಷ್ಯದ ಬೆಲೆ ಇಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿ ಬಿರದ್ ಮಲ್ ಸಿಂಘ್ವಿ ಪ್ರಕರಣದಲ್ಲಿ ಹೇಳಿದೆ. ಜಾತಕವನ್ನೇ? ಜಾತಕ ಬರೆಸಿದ ಮನೆಗಳಲ್ಲಿ ತಿಥಿ, ನಕ್ಷತ್ರ, ಗಳಿಗೆಯವರೆಗೆ ಇರುತ್ತದೆ, ಅದರ ಬೆಲೆ ದೊಡ್ಡದು. ಆದರೆ ರಕ್ತಾಕ್ಷಿ ಸಂವತ್ಸರ ಎಂದಷ್ಟೇ ಇದ್ದರೆ ಅದು 1864-65 ಇರಬಹುದು, 1924-25 ಇರಬಹುದು. ಅಲ್ಲದೆ ಜಾತಕ ಬರೆಸಿದವರು ಎಷ್ಟು ಮನೆಯವರು? ಹೆಣ್ಣುಮಗುವಿಗೆ ಬರೆಸಿದವರು ಎಷ್ಟು? ಕಂದಾಯದ ಕಾಗದಗಳಿಗೆ ಬಂದರೆ ಅಲ್ಲಿ ಫಸಲಿ ವರ್ಷ. ಫಸಲಿ 1335 ಎಂದರೆ 1925ರ ಜುಲೈನಿಂದ 1926ರ ಜೂನ್. ಅದು ಜಮೀನು ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತೆಂದು ಹೇಳುತ್ತದೆ, ಜಮೀನಿಲ್ಲದವರ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಡಿಕ್ಲರೇಶನ್ನುಗಳಿಂದಾಗಿ ಮೊದಲ ಬಾರಿಗೆ ಒಕ್ಕಲು ಮನೆಗಳ ಹೆಸರೂ ದೊಡ್ಡ ಪ್ರಮಾಣದಲ್ಲಿ ಕಾಗದಕ್ಕೆ ಬಂತು. ಅದನ್ನು ಮರೆಯುವಂತಿಲ್ಲ. ಆದರೆ ಅಲ್ಲಿಯೂ ಬಂದದ್ದು ಹೆಚ್ಚಾಗಿ ಗೇಣಿದಾರ ಗಂಡಸಿನ ಹೆಸರು.

ಹೆಂಗಸರ ಹೆಸರು ಕಾಗದಕ್ಕೆ ಬರುವುದು ಎಷ್ಟು ಕಷ್ಟವಾಗಿತ್ತು ಎಂಬುದಕ್ಕೆ ದೇಶದ ಮೊದಲ ಸಾರ್ವತ್ರಿಕ ಚುನಾವಣೆಯೇ ಸಾಕ್ಷಿ. ಮತದಾರರ ಪಟ್ಟಿ ಮಾಡುವಾಗ ಉತ್ತರದ ಕೆಲವು ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಅಂಥ ಸುಮಾರು 28 ಲಕ್ಷ ಹೆಸರುಗಳನ್ನು ಚುನಾವಣಾ ಆಯೋಗ ಪಟ್ಟಿಯಿಂದ ತೆಗೆಯಬೇಕಾಯಿತು. ಮರಣ ಪ್ರಮಾಣಪತ್ರದಲ್ಲಿ ಬಹುಕಾಲ ‘ತಂದೆ ಅಥವಾ ಗಂಡನ ಹೆಸರು’ ಎಂಬ ಒಂದೇ ಕಾಲಮಿತ್ತು. ಮದುವೆಯಾದ ಹೆಂಗಸು ತೀರಿಕೊಂಡಾಗ ಅಲ್ಲಿ ಗಂಡನ ಹೆಸರು ಕೂರುತ್ತಿತ್ತು, ಆಕೆಯ ತಂದೆ ಆ ಕ್ಷಣದಿಂದ ಆ ಕಾಗದದಲ್ಲಿ ಇಲ್ಲ. ಹಾಗಾಗಿ ಒಬ್ಬ ಹೆಂಗಸನ್ನು ಆಕೆಯ ತವರಿಗೆ ಜೋಡಿಸಬೇಕಾದರೆ ಮರಣದ ನಮೂದೊಂದೇ ಸಾಲದು. ಆಕೆಯ ಮಕ್ಕಳ ಜನನದ ನಮೂದು, ಅದರಲ್ಲಿನ ಹೆರಿಗೆಯ ಊರು, ಆ ಊರಲ್ಲಿ ಸುದ್ದಿ ಕೊಟ್ಟವರ ಹೆಸರು ಇವನ್ನು ಕೂಡಿಸಿ ನೋಡಬೇಕು. ಒಂದೊಂದು ಸಾಲು ಒಬ್ಬರು ಹೇಳಿ ಇನ್ನೊಬ್ಬರು ಬರೆದ ಮಾತು. ಹೇಳಿದವರು ಯಾರು, ನಡೆದ ಎಷ್ಟು ದಿನಕ್ಕೆ ಹೇಳಿದರು, ತಪ್ಪು ಹೇಳುವುದರಿಂದ ಅವರಿಗೆ ಏನಾದರೂ ಸಿಗುತ್ತಿತ್ತೇ ಎಂಬ ಮೂರು ಪ್ರಶ್ನೆ ಕೇಳಿದರೆ ರಿಜಿಸ್ಟರಿನ ಸಾಲು ಉಳಿದ ಬಹುಪಾಲು ಕಾಗದಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಮದುವೆಯ ವಿಷಯ ಬೇರೆ. ಇಲ್ಲಿ ರಿಜಿಸ್ಟರು ನಮ್ಮ ಕೈಬಿಡುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 8ನೆಯ ಕಲಮು ನೋಂದಣಿಗೆ ಅವಕಾಶ ಮಾಡಿತು, ಆದರೆ ನೋಂದಾಯಿಸದಿದ್ದರೆ ಮದುವೆಗೆ ಊನವಿಲ್ಲವೆಂದೂ ಹೇಳಿತು. ಎಲ್ಲ ಧರ್ಮದವರ ಮದುವೆಯನ್ನೂ ಕಡ್ಡಾಯವಾಗಿ ನೋಂದಾಯಿಸುವ ವ್ಯವಸ್ಥೆ ಮಾಡಬೇಕೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿದ್ದು 2006ರಲ್ಲಿ. ಹಾಗಾಗಿ ನಮ್ಮ ಅಜ್ಜ ಅಜ್ಜಿಯರ ಮದುವೆಯ ಪ್ರಮಾಣಪತ್ರ ಉಪನೋಂದಣಿ ಕಚೇರಿಯಲ್ಲಿ ಸಿಗುವುದಿಲ್ಲ. ಲಂಡನ್ನಿನಲ್ಲಿ ನೆಲೆಸಿದವರು ಅಲ್ಲಿನ ರೂಢಿಯಂತೆ ಇಲ್ಲೂ ಅದನ್ನು ಕೇಳುವುದುಂಟು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1837ರ ಜುಲೈ 1ರಿಂದಲೇ ಜನನ, ಮದುವೆ, ಮರಣ ಮೂರಕ್ಕೂ ಒಂದೇ ಕೇಂದ್ರದ ಸೂಚಿಯಿದೆ, ಯಾರು ಬೇಕಾದರೂ ತರಿಸಿಕೊಳ್ಳಬಹುದು. ನಮ್ಮಲ್ಲಿ ಚರ್ಚು ಮತ್ತು ಜಮಾತುಗಳಲ್ಲಿ ಮಾತ್ರ ಮದುವೆಯ ಪುಸ್ತಕದ ಪದ್ಧತಿ ಹಳೆಯದು. ಟ್ರೆಂಟಿನ ಧರ್ಮಸಭೆ 1563ರಲ್ಲೇ ಕಥೋಲಿಕ ಪಾದ್ರಿಗಳು ಮದುವೆಯ ಪುಸ್ತಕ ಇಡಬೇಕೆಂದು ವಿಧಿಸಿತ್ತು. ಕುಂದಾಪುರ, ಗಂಗೊಳ್ಳಿಯ ಕ್ರೈಸ್ತ ಮನೆತನದವರು ತಾಲ್ಲೂಕು ಕಚೇರಿಗಿಂತ ಮೊದಲು ಇಗರ್ಜಿಗೆ ಹೋಗಬೇಕು. ಬ್ರಹ್ಮಾವರದ ಕಡೆಯವರಾದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಥೋಲಿಕ ಸಭೆಯಿಂದ ಬೇರೆಯಾಗಿ ಸಿರಿಯನ್ ಆರ್ಥೊಡಾಕ್ಸ್ ಸಭೆಗೆ ಸೇರಿದ ಕುಟುಂಬಗಳೂ ಇರುವುದರಿಂದ ಒಂದೇ ಮನೆತನದ ಎರಡು ಕವಲು ಎರಡು ಇಗರ್ಜಿಗಳ ಪುಸ್ತಕದಲ್ಲಿ ಇರಬಹುದು. ಶಿರೂರು, ಗಂಗೊಳ್ಳಿಯ ನವಾಯತ ಮನೆಗಳಿಗೆ ಜಮಾತಿನ ನಿಕಾಹ್ ದಫ್ತರವೇ ಮೊದಲ ಆಸರೆ.

ಉಳಿದವರಿಗೆ? ಇಲ್ಲಿ ಕರಾವಳಿಯ ಅಳಿಯಸಂತಾನ ಪದ್ಧತಿ ಅನಿರೀಕ್ಷಿತವಾಗಿ ಸಹಾಯಕ್ಕೆ ಬರುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಬಳಿ ಎಂಬ ಕುಲದ ಗುರುತೂ ತಾಯಿಯದು. ಒಬ್ಬ ಹೆಂಗಸು, ಆಕೆಯ ಮಕ್ಕಳು, ಆಕೆಯ ಹೆಣ್ಣುಮಕ್ಕಳ ಮಕ್ಕಳು ಸೇರಿದರೆ ಅದು ಒಂದು ಕವರು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದಿಂದ ತನ್ನ ಪಾಲು ಕೇಳುವ ಹಕ್ಕನ್ನು ಕವರಿಗೆ ಕೊಟ್ಟಿತು. ಅಲ್ಲಿಂದ ಮುಂದೆ ಆದ ವಿಭಾಗಪತ್ರಗಳಲ್ಲಿ ಕವರುಗಳನ್ನು ಗುರುತಿಸಲು ಮೂಲದ ಅಜ್ಜಿಯಿಂದ ಹಿಡಿದು ಹೆಣ್ಣುಮಕ್ಕಳ ಸಾಲನ್ನು ಬರೆಯದೆ ಗತ್ಯಂತರವಿರಲಿಲ್ಲ. ಬೇರೆಡೆ ಹೆಂಗಸರ ಹೆಸರು ಅಳಿಸಿಹಾಕಿದ ಆಸ್ತಿಯ ಕಾಗದವೇ ಇಲ್ಲಿ ಅವರ ಹೆಸರನ್ನು ಉಳಿಸಿತು. ಉಪನೋಂದಣಿ ಕಚೇರಿಯಲ್ಲಿ ಇಂಥ ಪತ್ರಗಳು ದಾಖಲಾಗುವ ಒಂದನೆಯ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಇದು ನನ್ನ ವಾದಕ್ಕೆ ವಿರುದ್ಧವಲ್ಲವೇ, ಹಕ್ಕಿನ ಕಾಗದವನ್ನೇ ಹೊಗಳಿದಂತಾಯಿತಲ್ಲ ಎಂದು ಕೇಳಬಹುದು. ಒಂದು ಮಟ್ಟಿಗೆ ಹೌದು. ಆದರೆ ವಿಭಾಗಪತ್ರದಲ್ಲೂ ಇರುವುದು ಪಾಲು ಇದ್ದ ಹೆಂಗಸರು. ಅದೇ ಕುಟುಂಬದ ಗಂಡಸು ಮದುವೆಯಾದ ಹೆಂಗಸು, ಆಕೆಯ ಮಕ್ಕಳು ಬೇರೆ ಕುಟುಂಬದವರಾದ್ದರಿಂದ ಅಲ್ಲಿಲ್ಲ. ತಂದೆಯನ್ನೂ ತಾಯಿಯನ್ನೂ ಮಗುವನ್ನೂ ಒಂದೇ ಸಾಲಿನಲ್ಲಿ ಕಾಣಬೇಕಾದರೆ ಮತ್ತೆ ಜನನದ ರಿಜಿಸ್ಟರಿಗೇ ಹೋಗಬೇಕು. ತಂದೆಯ ಹೆಸರಿನ ಕಾಲಮು ಮುಖ್ಯವಾದ ಆ ಪುಸ್ತಕ, ತಾಯಿಯ ಸಾಲು ಮುಖ್ಯವಾದ ವಿಭಾಗಪತ್ರ, ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ಈ ಊರುಗಳ ಮನೆತನಗಳು ಪೂರ್ತಿಯಾಗಿ ಕಾಣುತ್ತವೆ.

ಸಮುದ್ರದಂಚಿನ ಊರಿಗೆ ಇನ್ನೊಂದು ಕಷ್ಟವಿದೆ. ಮೀನಿಗೆ ಹೋಗಿ ಮರಳದವರ ಸಾವು ಯಾವ ಊರಿನ ಪುಸ್ತಕದಲ್ಲಿ? ಶವ ಸಿಗದಿದ್ದರೆ ಸಾವು ದಾಖಲಾಗುವುದು ಸುಲಭವಲ್ಲ. ಏಳು ವರ್ಷ ಯಾರಿಗೂ ಸುದ್ದಿಯಿಲ್ಲದಿದ್ದರೆ ಬದುಕಿದ್ದಾನೆಂದು ಸಾಧಿಸುವ ಹೊಣೆ ಬದುಕಿದ್ದಾನೆ ಎನ್ನುವವರದೇ ಎಂಬ ಸಾಕ್ಷ್ಯ ಕಾನೂನಿನ ನಿಯಮ ಹಿಡಿದು ಕೋರ್ಟಿಗೆ ಹೋಗಬೇಕಾಗುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ಸಮುದ್ರದ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಯಂತ್ರ, ವೈರ್‌ಲೆಸ್, ನೌಕಾಪಡೆ ಎಲ್ಲ ಇರುವ ಕಾಲದಲ್ಲೇ ಹೀಗಾದರೆ, ಪಾತಿ ದೋಣಿಯ ಕಾಲದಲ್ಲಿ ಹೋದವರ ಗತಿಯೇನು? ಮೊಗವೀರ, ಖಾರ್ವಿ ಮನೆಗಳ ಚರಿತ್ರೆ ಬರೆಯುವಾಗ ಮರಣದ ದಾಖಲೆ ಇಲ್ಲದ ಗಂಡಸನ್ನು ಕಂಡರೆ ಪುಸ್ತಕ ತಪ್ಪಿದೆ ಎಂದು ಮುಂದೆ ಹೋಗಬಾರದು, ಆ ಇಲ್ಲದಿರುವಿಕೆಯನ್ನೇ ಬರೆದಿಡಬೇಕು. ಕೊನೆಯ ಮಗುವಿನ ಜನನದ ತಾರೀಕು ಒಂದು ಕಡೆ, ಹೆಂಡತಿಯನ್ನು ವಿಧವೆಯೆಂದು ಬರೆದ ಮೊದಲ ಕಾಗದದ ತಾರೀಕು ಇನ್ನೊಂದು ಕಡೆ. ಅವನ ಸಾವು ಈ ಎರಡರ ನಡುವೆ.

ಕೊನೆಯ ಆಕ್ಷೇಪ ಮರ್ಯಾದೆಯದು. ಹಿಂದಿನವರು ಮುಚ್ಚಿಟ್ಟದ್ದನ್ನು ಕೆದಕುವುದೇಕೆ? ಮದುವೆಯ ಮೊದಲೇ ಹುಟ್ಟಿದ ಮಗು, ಮನೆಯವರು ಬಾಯಿಬಿಡದ ಸಾವು, ಬೇರೆ ಜಾತಿಯ ತಾಯಿ ಇವೆಲ್ಲ ಹೊರಬಿದ್ದರೆ ಯಾರಿಗೆ ಒಳ್ಳೆಯದು ಎಂದು ಕೇಳುವ ಹಿರಿಯರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಕಾನೂನು ಸ್ವತಃ ಒಂದು ಗೆರೆ ಎಳೆದಿದೆ. ಮರಣದ ನಮೂದಿನ ನಕಲನ್ನು ಯಾರಿಗೆ ಕೊಟ್ಟರೂ ಸಾವಿನ ಕಾರಣವನ್ನು ಅದರಲ್ಲಿ ಬಹಿರಂಗ ಮಾಡುವಂತಿಲ್ಲವೆಂದು 1969ರ ಕಾಯ್ದೆಯ 17ನೆಯ ಕಲಮೇ ಹೇಳುತ್ತದೆ. ಸ್ಕಾಟ್ಲೆಂಡಿನಲ್ಲಿ ಜನನದ ಮೂಲ ಪುಟಗಳನ್ನು ನೂರು ವರ್ಷ, ಮದುವೆಯವನ್ನು 75 ವರ್ಷ, ಮರಣದವನ್ನು 50 ವರ್ಷ ತುಂಬಿದ ಮೇಲಷ್ಟೇ ಅಂತರ್ಜಾಲದಲ್ಲಿ ತೆರೆದಿಡುತ್ತಾರೆ. ನಮ್ಮಲ್ಲಿ ಅಂಥ ಅವಧಿಯ ನಿಯಮವಿಲ್ಲದಿದ್ದರೂ ಮನೆಯವರೇ ಅದನ್ನು ಪಾಲಿಸಬಹುದು. ಬದುಕಿರುವವರ ಹುಟ್ಟಿದ ತಾರೀಕು, ಅವರ ಹೆತ್ತವರ ಗುಟ್ಟು ಅಚ್ಚಾಗಿ ಹಂಚುವ ಪುಸ್ತಕಕ್ಕೆ ಹೋಗಬೇಕಿಲ್ಲ. ಆದರೆ ಅಚ್ಚು ಹಾಕದಿರುವುದು ಬೇರೆ, ಬರೆದಿಡದಿರುವುದು ಬೇರೆ. ಆ ಮದುವೆಯ ಮೊದಲಿನ ಮಗುವನ್ನು ಮನೆತನದ ಮರ್ಯಾದೆಯ ಹೆಸರಿನಲ್ಲಿ ಒಮ್ಮೆ ಮರೆತದ್ದಾಗಿದೆ. ಪಟೇಲನ ಪುಸ್ತಕ ಅದನ್ನು ಮರೆತಿಲ್ಲದಿದ್ದರೆ, ನಾವು ಎರಡನೆಯ ಬಾರಿ ಮರೆಯಲು ಯಾವ ಕಾರಣವೂ ಇಲ್ಲ.

ಕೆಲಸ ಆರಂಭಿಸುವವರು ತಾಯಿಯ ತಾಯಿಯ ಮರಣದ ನಮೂದಿನಿಂದ ಆರಂಭಿಸಲಿ. ಸತ್ತ ವರ್ಷ ಮನೆಯಲ್ಲಿ ಯಾರಿಗಾದರೂ ನೆನಪಿರುತ್ತದೆ, ವರ್ಷಾಂತ್ಯದ ತಿಥಿಯ ಲೆಕ್ಕದಿಂದಲಾದರೂ ಸಿಗುತ್ತದೆ, ಹುಡುಕಿಸಲು ಒಂದೆರಡು ಪುಸ್ತಕ ಸಾಕು. ಅದರಲ್ಲಿನ ವಯಸ್ಸನ್ನು ಕಳೆದರೆ ಹುಟ್ಟಿದ ವರ್ಷದ ಆಸುಪಾಸು ಸಿಗುತ್ತದೆ. ಆಕೆಯ ತವರು ಯಾವ ಊರೆಂದು ಗೊತ್ತಿದ್ದರೆ ಎರಡನೆಯ ಅರ್ಜಿ ಆ ಊರಿನ ತಾಲ್ಲೂಕಿಗೆ, ಗೊತ್ತಿಲ್ಲದಿದ್ದರೆ ಆಕೆಯ ಮೊದಲ ಮಗು ಹುಟ್ಟಿದ ಊರಿನ ಪುಸ್ತಕಕ್ಕೆ. ಕರಾವಳಿಯ ಮಳೆಗೆ, ತೇವಕ್ಕೆ, ಗೆದ್ದಲಿಗೆ ಕಾಗದ ಬಹಳ ಕಾಲ ಬಾಳುವುದಿಲ್ಲ. ಕಂಪ್ಯೂಟರಿಗೆ ಏರದೆ ಉಳಿದ ಹಳೆಯ ಪುಟಗಳಿಗೆ ಆ ಒಂದು ಪ್ರತಿಯೇ ಗತಿ. ಅರ್ಜಿ ಕೊಡುವಾಗ ಮೂಲ ಪುಟದ ನಕಲು ಎಂದು ಸ್ಪಷ್ಟವಾಗಿ ಬರೆಯಬೇಕು. ಆ ಪುಟದಲ್ಲಿ ಅಜ್ಜಿಯ ಸಾಲಿನ ಮೇಲೆ ಕೆಳಗೆ ಇರುವ, ಅದೇ ವಾರ ಅದೇ ಊರಲ್ಲಿ ಹುಟ್ಟಿದ ಸತ್ತ ಬೇರೆಯವರ ಸಾಲುಗಳನ್ನೂ ಓದಿಕೊಂಡು ಬರಲು ಅವಕಾಶ ಸಿಕ್ಕರೆ ಬಿಡಬಾರದು. ಅವರಲ್ಲಿ ಒಬ್ಬಿಬ್ಬರು ನಮ್ಮವರೇ ಆಗಿರಬಹುದು, ನಮ್ಮ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಬಂದಿರಲಾರದು.